ಮೂವತ್ತು ಸಾಲಿನ ಕೈ

“ಒಂದಾ, ಎರಡಾ?” ಎಂದು ಡಾಕ್ಟರ್ ರೈಹಾನಾ ಕೇಳಿದಳು.

ಜುಲಿಯಾನಾ ಲೋಬೊ ಕಣ್ಣು ಮುಚ್ಚಿಕೊಂಡು, ಬಲಗೈಯನ್ನು ಮೇಜಿನ ಮೇಲೆ ಚಾಚಿ ಕೂತಿದ್ದಳು. ತೋರುಬೆರಳ ತುದಿಗೆ ಏನೋ ತಾಗಿದಂತಿತ್ತು.

“ಒಂದು.”

“ಕಣ್ಣು ಬಿಡಿ ಜುಲಿಯಕ್ಕ.”

ಡಾಕ್ಟರ ಕೈಯಲ್ಲಿದ್ದುದು ಶಾಲೆಯ ಮಕ್ಕಳ ಕೈವಾರದಂಥ ಒಂದು ಉಪಕರಣ. ಅದರ ಎರಡು ಮೊನೆಗಳೂ ಬೆರಳನ್ನು ಒತ್ತಿದ್ದವು. ನಡುವೆ ಒಂಬತ್ತು ಮಿಲಿಮೀಟರ್ ಅಂತರವಿತ್ತು. ಸಾಮಾನ್ಯರ ಬೆರಳ ತುದಿಯಾದರೆ ಎರಡು ಮೂರು ಮಿಲಿಮೀಟರ್ ಅಂತರದಲ್ಲೇ ಇವು ಎರಡು ಮೊನೆಗಳು ಎಂದು ಹೇಳಿಬಿಡುತ್ತದೆ.

“ನೀವು ಹದಿಮೂರರಲ್ಲಿ ಇದ್ದಾಗ ಎರಡೂವರೆ ಇತ್ತು. ಹದಿನೆಂಟರಲ್ಲಿ ನಾಲ್ಕು. ಈಗ ಇಪ್ಪತ್ತೆರಡರಲ್ಲಿ ಒಂಬತ್ತು,” ಎಂದು ರೈಹಾನಾ ಕಾಗದದಲ್ಲಿ ಬರೆದುಕೊಂಡಳು. “ಮನೆಯಲ್ಲಿ ಎಂತಾದರೂ ತೊಂದರೆ ಆಗ್ತದಾ? ಗುಂಡಿ ಹಾಕ್ಲಿಕ್ಕೆ, ಸೂಜಿಗೆ ನೂಲು ಹಾಕ್ಲಿಕ್ಕೆ?”

“ನೋಡಿಕೊಂಡು ಮಾಡಿದ್ರೆ ಆಗ್ತದೆ ಡಾಕ್ಟ್ರೆ,” ಎಂದಳು ಜುಲಿಯಾನಾ.

ಹದಿಮೂರು, ಹದಿನೆಂಟು ಎಂದು ಡಾಕ್ಟರು ಹೇಳಿದ್ದು ಕ್ರೇನುಗಳ ದರ್ಜೆ. ಹಡಗಿನ ಮೇಲೆ ಕಂಟೇನರುಗಳನ್ನು ಅಡ್ಡಲಾಗಿ ಒಂದರ ಪಕ್ಕ ಒಂದು ಇಡುತ್ತಾರೆ. ದಡದ ಮೇಲೆ ನಿಂತ ಕ್ರೇನಿನ ತೋಳು ಆ ಸಾಲುಗಳನ್ನೆಲ್ಲ ದಾಟಿ, ಆಚೆ ತುದಿಯ ಕಂಟೇನರನ್ನೂ ಮುಟ್ಟುವಂತಿರಬೇಕು. ಹಳೆಯ ಪನಾಮಾ ಕಾಲುವೆಯಲ್ಲಿ ತೂರಬಲ್ಲ ಹಡಗುಗಳಲ್ಲಿ ಹದಿಮೂರು ಸಾಲು. ಅವಕ್ಕೆ ಸಾಲುವ ಕ್ರೇನನ್ನು ಕಾಗದಪತ್ರಗಳಲ್ಲಿ ಪನಾಮ್ಯಾಕ್ಸ್ ಎನ್ನುತ್ತಿದ್ದರು. ಆಮೇಲೆ ಆ ಕಾಲುವೆಗೆ ಹಿಡಿಸದ ಹಡಗುಗಳು ಬಂದವು. ಅವುಗಳಿಗೆ ಹದಿನೆಂಟು ಸಾಲಿನ ಪೋಸ್ಟ್ ಪನಾಮ್ಯಾಕ್ಸ್. ಇನ್ನೂ ದೊಡ್ಡವಕ್ಕೆ ಇಪ್ಪತ್ತೆರಡು ಸಾಲಿನ ಸೂಪರ್ ಪೋಸ್ಟ್ ಪನಾಮ್ಯಾಕ್ಸ್. ಅಳಿವೆಬೈಲು ಬಂದರಿನ ಕೆಲಸಗಾರರ ನಾಲಿಗೆಗೆ ಈ ಹೆಸರುಗಳು ಯಾವತ್ತೂ ಹತ್ತಲಿಲ್ಲ. ಹದಿಮೂರು, ಹದಿನೆಂಟು, ಇಪ್ಪತ್ತೆರಡು ಎಂದರೆ ಸಾಕಿತ್ತು.

ಮೊದಲು ಕ್ರೇನು ನಡೆಸುವವರು ಮೇಲಿನ ಗಾಜಿನ ಗೂಡಿನಲ್ಲಿ ಕೂತು, ಕಾಲಡಿಯ ಗಾಜಿನ ಮೂಲಕ ಬಗ್ಗಿ ನೋಡುತ್ತ ಕೆಲಸ ಮಾಡುತ್ತಿದ್ದರು. ನಲವತ್ತು ದಾಟುವಷ್ಟರಲ್ಲಿ ಎಲ್ಲರ ಕುತ್ತಿಗೆಯೂ ಹಾಳಾಗುತ್ತಿತ್ತು. ಬಳಿಕ ಅವರನ್ನು ಎರಡು ಕಿಲೋಮೀಟರ್ ದೂರದ ನಿಯಂತ್ರಣ ಕೊಠಡಿಯಲ್ಲಿ ಪರದೆಗಳ ಮುಂದೆ ಕೂರಿಸಿದರು. ಪರದೆಯಲ್ಲಿ ಎಲ್ಲವೂ ಕಾಣುತ್ತಿತ್ತು, ಆದರೆ ಗಾಳಿಗೆ ಬಾಕ್ಸು, ಅಂದರೆ ಕಂಟೇನರು, ಎಷ್ಟು ತೂಗಾಡುತ್ತಿದೆ ಎಂಬುದು ತಿಳಿಯುತ್ತಿರಲಿಲ್ಲ. ಹಾಗೆ ಬಂದದ್ದು ತೋಳುಪಟ್ಟಿ. ಎರಡೂ ಕೈಗಳಿಗೆ, ಬೆರಳಿನಿಂದ ಭುಜದವರೆಗೆ ತೊಡುವ ತೆಳುವಾದ ಬಟ್ಟೆಯ ತೋಳು ಅದು. ಒಳಗೆಲ್ಲ ಸಾಸಿವೆ ಗಾತ್ರದ ಬಿಂದುಗಳು. ಕ್ರೇನಿನ ಹಗ್ಗ ಬಿಗಿದರೆ, ಬಾಕ್ಸು ವಾಲಿದರೆ, ಗಾಳಿ ತಿರುಗಿದರೆ ಆ ಬಿಂದುಗಳು ಚರ್ಮವನ್ನು ಒತ್ತುತ್ತಿದ್ದವು. ಒಂದೆರಡು ತಿಂಗಳಲ್ಲಿ ಒತ್ತಿದ್ದು ಚರ್ಮಕ್ಕೆ ಎಂಬುದನ್ನೇ ಮಿದುಳು ಮರೆತು, ಕ್ರೇನನ್ನೇ ತನ್ನ ಕೈ ಎಂದು ಒಪ್ಪಿಕೊಳ್ಳುತ್ತಿತ್ತು.

ಒಪ್ಪಿಕೊಂಡ ಮೇಲೆ ಕ್ರೇನು ಜಾಗ ಕೇಳುತ್ತಿತ್ತು. ಬೆರಳುಗಳಿಗೆಂದು ಮಿದುಳಿನಲ್ಲಿ ಇದ್ದ ಜಾಗ ಐವತ್ತು ಅರವತ್ತು ಮೀಟರಿನ ಉಕ್ಕಿಗೆ ಹೋಗುತ್ತಿತ್ತು. ಹದಿಮೂರರಿಂದ ಇಳಿದು ಬಂದರೆ ಅರ್ಧ ಗಂಟೆಯಲ್ಲಿ ಕೈ ಮರಳುತ್ತಿತ್ತು. ಇಪ್ಪತ್ತೆರಡರಿಂದ ಇಳಿದರೆ ವಾರದ ರಜೆಯೂ ಸಾಲುತ್ತಿರಲಿಲ್ಲ.

ಜುಲಿಯಾನಾಳಿಗೆ ನಲವತ್ತೊಂದು ವರ್ಷ. ಮದುವೆಯಾಗಿರಲಿಲ್ಲ. ಬಂದರಿನ ಹಿಂದಿನ ಕಾಲನಿಯ ಎರಡು ಕೋಣೆಯ ಮನೆಯಲ್ಲಿ ಅಣ್ಣ ಇನಾಸನ ಜೊತೆಗಿದ್ದಳು. ಇನಾಸನಿಗೆ ಹುಟ್ಟಿನಿಂದ ಕಿವಿ ಕೇಳುತ್ತಿರಲಿಲ್ಲ. ಹದಿನೆಂಟು ವಯಸ್ಸಿನ ಹೊತ್ತಿಗೆ ಸಂಜೆಯಾದರೆ ಕಣ್ಣು ಕಾಣದಾಯಿತು. ಮೂವತ್ತೈದಕ್ಕೆ ಹಗಲಿನಲ್ಲೂ ಕಾಣದಾಯಿತು. ಎರಡನ್ನೂ ಸೇರಿಸಿಯೇ ತರುವ ಕಾಯಿಲೆ ಅದು ಎಂದು ವೈದ್ಯರು ಹೇಳಿದ್ದರು. ಅವನು ಬೆತ್ತದ ಕುರ್ಚಿಗಳನ್ನು ಹೆಣೆಯುತ್ತಿದ್ದ. ಅವನ ಹೆಣಿಗೆಯಲ್ಲಿ ಕಣ್ಣಿದ್ದವರಿಗೂ ತಪ್ಪು ಸಿಗುತ್ತಿರಲಿಲ್ಲ.

ಅಣ್ಣ ತಂಗಿ ಕೈಯಲ್ಲಿ ಮಾತಾಡುತ್ತಿದ್ದರು. ಕೆಲವು ಸನ್ನೆಗಳನ್ನು ತಾಯಿ ಮಾಡಿಕೊಟ್ಟಿದ್ದಳು: ಹೆಬ್ಬೆರಳ ಬುಡವನ್ನು ಚಿವುಟಿದರೆ ಚಾ, ಮಣಿಕಟ್ಟನ್ನು ಎರಡು ಸಲ ಸವರಿದರೆ ಮೀನು. ಉಳಿದದ್ದನ್ನು ಅಂಗೈ ಮೇಲೆ ಕನ್ನಡ ಅಕ್ಷರಗಳಲ್ಲಿ ಬರೆಯುತ್ತಿದ್ದರು. ತಾಯಿ ತೀರಿದ ಮೇಲೆ ಈ ಭಾಷೆ ಗೊತ್ತಿದ್ದವರು ಲೋಕದಲ್ಲಿ ಇಬ್ಬರೇ.

ಪರೀಕ್ಷೆಯ ದಿನ ಮಧ್ಯಾಹ್ನ ಜುಲಿಯಾನಾ ಮನೆಗೆ ಬಂದು, ಜಗಲಿಯಲ್ಲಿ ಬೆತ್ತ ನೆನೆಸುತ್ತಿದ್ದ ಅಣ್ಣನ ಕೈ ಹಿಡಿದು, ಊಟ ಆಯಿತಾ ಎಂದು ಬರೆದಳು. ಇನಾಸ್ ಕೈ ಹಿಂದಕ್ಕೆ ಎಳೆದುಕೊಂಡ. ಆಮೇಲೆ ಅವಳ ಅಂಗೈ ಹುಡುಕಿ ಬರೆದ.

“ಯಾರು?”

ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡಳು. ಅವನು ಅವಳ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ, ಮಣಿಕಟ್ಟಿನ ಗಡಿಯಾರ ಮುಟ್ಟಿ, ತಲೆಗೂದಲು ಮುಟ್ಟಿ ಕೊನೆಗೆ ಖಾತ್ರಿ ಮಾಡಿಕೊಂಡ.

“ಇಷ್ಟು ಒತ್ತಬೇಡ. ಕಿರುಚಿದ ಹಾಗೆ ಆಗುತ್ತದೆ,” ಎಂದು ಬರೆದ.

ಅವಳು ಮೆಲ್ಲಗೆ ಬರೆಯಲು ನೋಡಿದಳು. ಎಷ್ಟು ಮೆಲ್ಲಗೆ ಎಂಬುದು ಬೆರಳಿಗೆ ತಿಳಿಯಲಿಲ್ಲ. ಅಕ್ಷರಗಳು ಅಂಗೈ ದಾಟಿ ಮಣಿಕಟ್ಟಿನವರೆಗೆ ಹೋದವು.

“ಇನ್ನೊಂದು ವಿಷಯ,” ಎಂದು ಇನಾಸ್ ಬರೆದ. ಅವನ ಬೆರಳು ಓಡುವುದನ್ನು ಅವಳು ಕಣ್ಣಿನಿಂದ ನೋಡುತ್ತಿದ್ದಳು. “ಮೊದಲು ನಾನು ಹೇಳುವಾಗ ನಿನ್ನ ಕೈ ಹೂಂ ಅನ್ನುತ್ತಿತ್ತು. ಬೆರಳು ಸ್ವಲ್ಪ ಮಡಚುತ್ತಿತ್ತು, ನಗು ಬಂದರೆ ನಡುಗುತ್ತಿತ್ತು. ಈಗ ಹಲಗೆಯ ಮೇಲೆ ಬರೆದ ಹಾಗಿದೆ. ಕೇಳುತ್ತಿದ್ದೀಯಾ?”

ಕೇಳುತ್ತಿದ್ದೇನೆ ಎಂದು ಅವಳು ಅವನ ಕೈಯನ್ನು ಒತ್ತಿದಳು. ಅವನಿಗೆ ನೋವಾಯಿತು. ಅವನು ಮುಖ ಕಿವುಚಿದ್ದನ್ನು ಕಂಡಳು. ದುಃಖವಾಗಬೇಕಿತ್ತು ಎಂದು ಅವಳಿಗೆ ತಿಳಿಯಿತು. ಸ್ವಲ್ಪ ಹೊತ್ತು ಕಾದಳು. ಅದು ಬರಲಿಲ್ಲ. ಎದ್ದು ಹೋಗಿ ಅನ್ನ ಬಡಿಸಿಕೊಂಡಳು.

ಮೂವತ್ತು ಸಾಲಿನ ಕ್ರೇನು ಬಂದದ್ದು ಅದೇ ವಾರ. ಎಂಬತ್ತು ಮೀಟರ್ ಚಾಚು. ಕ್ರೇನು ವಿಭಾಗದ ಮುಖ್ಯಸ್ಥ ಧರಣೇಂದ್ರ ಬಲ್ಲಾಳರು ಅವಳನ್ನು ಕಚೇರಿಗೆ ಕರೆಸಿದರು.

“ಬರುವ ತಿಂಗಳು ಮೊದಲ ಹಡಗು ಬರ್ಲಿಕ್ಕುಂಟು ಜುಲಿಯಾನಾ. ಮೂರು ಜನ ಬೇಕು. ಇಬ್ರು ಹೊರಗಿನವ್ರು. ಒಬ್ರಾದ್ರೂ ನಮ್ಮವ್ರು ಬೇಡ್ವಾ?”

“ಡಾಕ್ಟ್ರಿಗೆ ಮನಸ್ಸಿಲ್ಲ ಸರ್. ಕೈ ದಡ್ಡಾಗ್ತಾ ಉಂಟು ಹೇಳ್ತಾರೆ.”

“ಬೇಡ ಅಂತ ಬರೆದು ಕೊಟ್ಟಿದ್ದಾರಾ? ಇಲ್ಲ ಅಲ್ವಾ? ಕಣ್ಣಿಗೆ ನಿಯಮ ಉಂಟು, ಬಿಪಿಗೆ ಉಂಟು. ಬೆರಳಿಗೆ ಎಂತದೂ ಇಲ್ಲ ಮಾರಾಯ್ತಿ. ಒತ್ತಾಯ ಇಲ್ಲ. ಯೋಚನೆ ಮಾಡಿ ಹೇಳಿ.”

ಅವಳು ಯೋಚನೆ ಮಾಡಲಿಲ್ಲ. ಅಲ್ಲೇ ಆಗಲಿ ಎಂದಳು. ಕಾರಣ ಇಷ್ಟೇ: ಪಟ್ಟಿ ತೊಟ್ಟಾಗ ಮಾತ್ರ ಅವಳಿಗೆ ಏನಾದರೂ ತಾಗುತ್ತಿತ್ತು. ಮನೆಯಲ್ಲಿ ನೀರು ಬಿಸಿಯೋ ತಣ್ಣಗೋ ಎಂದು ಕಾಲಿಗೆ ಹೊಯ್ದು ನೋಡಬೇಕಾಗಿತ್ತು. ಇಗರ್ಜಿಯಲ್ಲಿ ಕೈ ಜೋಡಿಸಿದರೆ ಎರಡು ಮರದ ತುಂಡುಗಳು ಕೂಡಿದಂತಿತ್ತು. ಆದರೆ ಕೊಠಡಿಯ ಕುರ್ಚಿಯಲ್ಲಿ ಕೂತು ಪಟ್ಟಿ ಬಿಗಿದುಕೊಂಡರೆ, ಬೆಳಗಿನ ಗಾಳಿ ತೆಂಕಣದಿಂದ ಪಡುವಣಕ್ಕೆ ತಿರುಗುವುದು ಅವಳ ತೋಳಿನ ಉದ್ದಕ್ಕೂ ಗೊತ್ತಾಗುತ್ತಿತ್ತು.

ಮೂವತ್ತು ಸಾಲಿನ ಮೊದಲ ದಿನ ಅವಳು ಪಟ್ಟಿ ಬಿಗಿದುಕೊಂಡಳು. ಕೈ ಚಾಚಿದರೆ ಅದು ಮುಗಿಯಲೇ ಇಲ್ಲ. ದಡವನ್ನು ದಾಟಿತು, ಹಡಗನ್ನು ದಾಟಿತು, ಆಚೆ ಬರಿಯ ನೀರಿನ ಮೇಲೆ ನಿಂತಿತು. ಬಿಸಿಲಿಗೆ ಉಕ್ಕು ಹಿಗ್ಗುವುದೂ ಮೈ ಮುರಿದಂತೆ ಅವಳಿಗೆ ತಿಳಿಯಿತು. ನಲವತ್ತು ಟನ್ನಿನ ಬಾಕ್ಸನ್ನು ಎತ್ತಿದಳು. ತುಂಬಿದ ಕೊಡದಷ್ಟು ಭಾರ, ಅಷ್ಟೇ. ಮೂವತ್ತನೆಯ ಸಾಲಿನಲ್ಲಿ ಅದನ್ನು ಇಳಿಸುವಾಗ ಒಂದು ಚೂರೂ ಸದ್ದಾಗಲಿಲ್ಲ. ಪಕ್ಕದಲ್ಲಿ ನಿಂತು ನೋಡುತ್ತಿದ್ದ ಬಲ್ಲಾಳರು ಮೆಲ್ಲಗೆ ಚಪ್ಪಾಳೆ ತಟ್ಟಿದರು.

ಪಟ್ಟಿಯನ್ನು ಅಳವಡಿಸಿದ ತಂತ್ರಜ್ಞರು ಒಂದು ವಿಷಯ ಹೇಳಿದ್ದರು. ಇಷ್ಟು ಉದ್ದದ ತೋಳಿಗೆ ತಾಗುವುದನ್ನೆಲ್ಲ ಹಾಗೆಯೇ ಕಳಿಸಿದರೆ ಮನುಷ್ಯನಿಗೆ ತಡೆಯಲಾಗದು. ಆದ್ದರಿಂದ ಒಂದು ಟನ್ನಿಗಿಂತ ಕಡಿಮೆಯ ಎಳೆತವನ್ನೆಲ್ಲ ಯಂತ್ರವೇ ಸೋಸಿ ತೆಗೆದುಬಿಡುತ್ತದೆ. ಇಪ್ಪತ್ತೆರಡರಲ್ಲಿ ಈ ಮಿತಿ ಇನ್ನೂರು ಕಿಲೋ ಇತ್ತು. ಹದಿಮೂರರಲ್ಲಿ ಮಿತಿಯೇ ಇರಲಿಲ್ಲ. ಬಾಕ್ಸಿನ ನೆತ್ತಿಯ ಮೇಲೆ ಯಾರೋ ಮರೆತುಬಿಟ್ಟ ಕಬ್ಬಿಣದ ಸಲಾಕೆಯೂ ಅವಳಿಗೆ ತಿಳಿಯುತ್ತಿತ್ತು.

ನಾಲ್ಕು ತಿಂಗಳು ಕಳೆದವು. ಡಾಕ್ಟರ ಕೈವಾರ ಪೂರ್ತಿ ಅಗಲಿಸಿದರೂ ಜುಲಿಯಾನಾ ಒಂದು ಎನ್ನುತ್ತಿದ್ದಳು. ಕೆಲವು ದಿನ ಅದೂ ಇಲ್ಲ. ಒಂದು ಬೆಳಿಗ್ಗೆ ದೋಸೆ ಹುಯ್ಯುತ್ತಿದ್ದಾಗ ಇನಾಸ್ ಒಳಗೆ ಧಾವಿಸಿ ಬಂದು ಅವಳನ್ನು ಒಲೆಯಿಂದ ದೂರ ತಳ್ಳಿದ. ಅವನಿಗೆ ಸುಟ್ಟ ವಾಸನೆ ಬಂದಿತ್ತು. ಅವಳ ಎಡಗೈ ಕಾವಲಿಯ ಅಂಚಿನ ಮೇಲಿತ್ತು. ಅವಳು ಗುಳ್ಳೆಗಳನ್ನು ನೋಡಿದಳು; ಬೇರೆ ಯಾರದೋ ಕೈ ಸುಟ್ಟಂತಿತ್ತು.

ಆಮೇಲೆ ಇನಾಸ್ ಮಾತು ಬಿಟ್ಟ. ಸಿಟ್ಟಿನಿಂದಲ್ಲ. ಅವಳು ಬರೆದದ್ದು ಅವನಿಗೆ ಓದಲು ಬರುತ್ತಿರಲಿಲ್ಲ, ಅವನು ಬರೆದದ್ದನ್ನು ಕೇಳುವ ಕೈ ಇರಲಿಲ್ಲ. ಊಟಕ್ಕೆ ಮೇಜನ್ನು ಒಂದು ಸಲ ಬಡಿಯುತ್ತಿದ್ದಳು, ಹೊರಗೆ ಹೊರಟರೆ ಎರಡು ಸಲ. ಅದರ ಕಂಪನ ಅವನಿಗೆ ತಿಳಿಯುತ್ತಿತ್ತು. ಮನೆ ಹಾಗೆಯೇ ನಡೆಯಿತು. ಕಷ್ಟವೇನೂ ಆಗಲಿಲ್ಲ ಎಂದೇ ಜುಲಿಯಾನಾಳಿಗೆ ಅನಿಸಿತು.

ಫೆಬ್ರವರಿಯ ಒಂದು ಬೆಳಿಗ್ಗೆ, ಹನ್ನೊಂದು ಗಂಟೆಯ ಸುಮಾರಿಗೆ, ಅವಳು ಹದಿನೇಳನೆಯ ಸಾಲಿನಿಂದ ಒಂದು ಬಾಕ್ಸನ್ನು ಎತ್ತಿದಳು. ಗಾಳಿ ಹೆಚ್ಚಿರಲಿಲ್ಲ. ಬಾಕ್ಸು ಸಲೀಸಾಗಿ ಮೇಲೆ ಬಂತು. ಎರಡು ಆಳೆತ್ತರ ಬರುವಷ್ಟರಲ್ಲಿ ಪರದೆಯೆಲ್ಲ ಕೆಂಪಾಗಿ ಕ್ರೇನು ತಾನಾಗಿ ನಿಂತಿತು. ಹಡಗಿನ ಮೇಲಿದ್ದ ಮೇಸ್ತ್ರಿ ತುರ್ತು ಗುಂಡಿ ಒತ್ತಿದ್ದ.

ರೇಡಿಯೋದಲ್ಲಿ ಅವನು ಕಿರುಚುತ್ತಿದ್ದ. “ಜನ ಉಂಟು! ಕೆಳಗೆ ಜನ ನೇತಾಡ್ತಾ ಉಂಟು!”

ಬಾಕ್ಸುಗಳನ್ನು ಒಂದಕ್ಕೊಂದು ಬಿಗಿದ ಬೀಗಗಳನ್ನು ಬಿಡಿಸುವ ಕೆಲಸಗಾರನೊಬ್ಬನ ಸೊಂಟದ ಹಗ್ಗ ಬಾಕ್ಸಿನ ಕೆಳಮೂಲೆಗೆ ಸಿಕ್ಕಿಕೊಂಡಿತ್ತು. ಬಾಕ್ಸಿನ ಜೊತೆಗೆ ಅವನೂ ಮೇಲೆ ಬಂದಿದ್ದ. ಅವನಿದ್ದದ್ದು ಕ್ಯಾಮರಾದ ಕಣ್ಣಿಗೆ ಬೀಳದ ಬದಿಯಲ್ಲಿ. ಮೇಲೆ ಹೋಗುತ್ತ ಅವನ ಬಲಗಾಲು ಎರಡು ಬಾಕ್ಸುಗಳ ಸಂದಿಗೆ ಸಿಕ್ಕಿತು. ಆಮೇಲೆ ಹಗ್ಗ ಹರಿದು ಬಿದ್ದ. ಹೆಸರು ಯಮನೂರಪ್ಪ. ಇಪ್ಪತ್ತಾರು ವರ್ಷ. ಕುಷ್ಟಗಿಯ ಕಡೆಯವನು. ಜೀವ ಉಳಿಯಿತು. ಪಾದವನ್ನು ತೆಗೆದರು.

ಜುಲಿಯಾನಾ ಪಟ್ಟಿ ಬಿಚ್ಚಿಟ್ಟು, ಕ್ಯಾಂಟೀನಿಗೆ ಹೋಗಿ ಊಟ ಮಾಡಿದಳು. ತಟ್ಟೆ ಖಾಲಿಯಾದ ಮೇಲೆ, ತಾನು ಊಟ ಮಾಡಿದೆ ಎಂಬುದು ಅವಳಿಗೆ ಗೊತ್ತಾಯಿತು. ಅದೊಂದು ಅವಳನ್ನು ಹೆದರಿಸಿತು.

ವಿಚಾರಣೆ ಎರಡು ದಿನದಲ್ಲಿ ಮುಗಿಯಿತು. ಯಂತ್ರದ ದಾಖಲೆಯಲ್ಲಿ ಎಲ್ಲವೂ ಇತ್ತು. ಎಳೆತದಲ್ಲಿ ಐವತ್ತಾರು ಕಿಲೋದಿಂದ ಅರವತ್ತು ಕಿಲೋವರೆಗೆ ವ್ಯತ್ಯಾಸ, ಹನ್ನೊಂದು ಸೆಕೆಂಡು. ದರ್ಜೆಯ ಮಿತಿಗಿಂತ ಬಹಳ ಕೆಳಗೆ.

“ನಿಮ್ಮ ತಪ್ಪು ಅಂತ ಯಾರೂ ಹೇಳ್ಲಿಲ್ಲ,” ಎಂದರು ಬಲ್ಲಾಳರು. “ನಿಮಗೆ ಗೊತ್ತಾಗ್ಲಿಕ್ಕೆ ಸಾಧ್ಯವೇ ಇರ್ಲಿಲ್ಲ. ಸೋಮವಾರದಿಂದ ಬನ್ನಿ.”

“ಆಗಲಿ ಸರ್,” ಎಂದಳು.

ಆ ಆದಿತ್ಯವಾರ ಮಧ್ಯಾಹ್ನ ಅವಳು ಜಗಲಿಯ ಮೆಟ್ಟಿಲ ಮೇಲೆ ಕೂತಿದ್ದಳು. ಅವಳು ಮೂರು ದಿನದಿಂದ ಮನೆಯಲ್ಲೇ ಇದ್ದುದು ಇನಾಸನಿಗೆ ನೆಲದ ಸಪ್ಪಳದಿಂದ ತಿಳಿದಿತ್ತು. ಕಾರಣ ಗೊತ್ತಿರಲಿಲ್ಲ. ಕುರ್ಚಿಯೊಂದನ್ನು ಹೊರಗೆ ತರುತ್ತ ಅವನು ಅವಳನ್ನು ಎಡವಿದ. ಸಾವರಿಸಿಕೊಳ್ಳಲು ಅವಳ ಬೆನ್ನಿಗೆ ಕೈ ಊರಿದ. ಬೆತ್ತದ ನೀರಿನಿಂದ ಒದ್ದೆಯಾಗಿ ತಣ್ಣಗಿದ್ದ ಕೈ. ಅವಳು ಬೆಚ್ಚಿದಳು.

ಇನಾಸ್ ಕೈ ತೆಗೆಯಲಿಲ್ಲ. ಕುರ್ಚಿಯನ್ನು ಕೆಳಗಿಟ್ಟು ಅವಳ ಹಿಂದೆಯೇ ಕೂತ. ಒಂದು ಬೆರಳಿನಿಂದ ಅವಳ ಬೆನ್ನಿನ ಬಲಗಡೆ ಮುಟ್ಟಿದ, ಬೆನ್ನು ಅಲುಗಿತು. ಎಡಗಡೆ ಮುಟ್ಟಿದ, ಅಲುಗಿತು. ಪಟ್ಟಿ ಭುಜದವರೆಗೆ ಮಾತ್ರ ಇತ್ತು. ಬೆನ್ನನ್ನು ಕ್ರೇನು ಕೇಳಿರಲಿಲ್ಲ.

ಅವನು ಬೆನ್ನ ತುಂಬ ಒಂದೊಂದೇ ಅಕ್ಷರ ಬರೆದ. ಬರೆದು, ಅಂಗೈಯಿಂದ ಒರೆಸಿ, ಮುಂದಿನದನ್ನು ಬರೆದ.

“ಏನಾಯಿತು?”

ಅವಳು ತಿರುಗಿ ಅವನ ಕೈ ಹಿಡಿದಳು. ಬರೆಯಲು ಹೋಗಿ, ಬರದೆ, ಬಿಟ್ಟಳು. ಆಗ ಇನಾಸ್ ತಾನೇ ತಿರುಗಿ ಕೂತು, ಅಂಗಿ ಮೇಲಕ್ಕೆತ್ತಿ ಬೆನ್ನು ಕೊಟ್ಟ. ಅಗಲವಾದ ಬೆನ್ನು. ಜುಲಿಯಾನಾ ಭುಜದಿಂದ ಕೈ ಬೀಸಿ ಒಂದು ಅಕ್ಷರ ಎಳೆದಳು. ಅವಳ ತೋಳಿಗೆ ದೊಡ್ಡ ಅಕ್ಷರ ಮಾತ್ರ ಬರುತ್ತಿತ್ತು. ದೊಡ್ಡದಾಗಿ ಬರೆದರೆ ಅದು ತಪ್ಪುತ್ತಿರಲಿಲ್ಲ. ಇನಾಸ್ ಹೂಂ ಎಂಬಂತೆ ಬೆನ್ನನ್ನು ಸ್ವಲ್ಪ ಬಾಗಿಸಿದ.

ಒಬ್ಬ ಮನುಷ್ಯನನ್ನು ಎತ್ತಿದೆ, ಗೊತ್ತಾಗಲಿಲ್ಲ, ಅವನ ಕಾಲು ಹೋಯಿತು. ಇಷ್ಟು ಬರೆಯಲು ಮುಕ್ಕಾಲು ಗಂಟೆ ಹಿಡಿಯಿತು. ಪಕ್ಕದ ಮನೆಯವರು ಬೇಲಿಯಾಚೆ ನಿಂತು ನೋಡಿ ಒಳಗೆ ಹೋದರು.

ಇನಾಸ್ ಅಂಗಿ ಇಳಿಸಿಕೊಂಡ. ಆಮೇಲೆ ಅವಳನ್ನು ತಿರುಗಿಸಿ ಬರೆದ.

“ಅವನನ್ನು ನೋಡಲು ಹೋಗಿದ್ದೆಯಾ?”

ಅವಳಿಗೆ ಅದು ಹೊಳೆದೇ ಇರಲಿಲ್ಲ.

ಸೋಮವಾರ ಅವಳು ಮೊದಲು ಡಾಕ್ಟರ ಕೋಣೆಗೆ ಹೋದಳು. ರೈಹಾನಾ ಮುಚ್ಚಿಡದೆ ಹೇಳಿದಳು. “ಸುಮ್ಮನೆ ಬಿಟ್ಟರೆ ಬರುದಿಲ್ಲ ಜುಲಿಯಕ್ಕ. ಮಿದುಳಿಗೆ ಸಣ್ಣ ಕೈಯನ್ನು ಪುನಃ ಕಲಿಸಬೇಕು. ಹದಿಮೂರಕ್ಕೆ ಇಳೀರಿ. ಅರ್ಧ ಬರಬಹುದು. ಪೂರ್ತಿ ಬರ್ತದೆ ಅಂತ ನಾನು ಹೇಳುದಿಲ್ಲ.”

ಬಲ್ಲಾಳರು ಅವಳ ಅರ್ಜಿಯನ್ನು ಎರಡು ಸಲ ಓದಿದರು. ಮೂವತ್ತು ಸಾಲಿನ ಕ್ರೇನು ನಡೆಯುವಾಗ ಹಡಗಿನ ಮೇಲೆ ಮನುಷ್ಯರು ಇರಬಾರದು, ಅದಕ್ಕೆ ಮನುಷ್ಯರು ತಿಳಿಯುವುದಿಲ್ಲ ಎಂದೂ ಅದರಲ್ಲಿ ಬರೆದಿದ್ದಳು.

“ಹದಿಮೂರಕ್ಕಾ? ಅದೊಂದೇ ಉಳಿದದ್ದು ಮಾರಾಯ್ತಿ. ಮುಂದಿನ ವರ್ಷ ಗುಜರಿಗೆ ಹೋಗುದು.”

“ಹೋಗುವವರೆಗೆ ನಡೆಸ್ತೇನೆ ಸರ್.”

“ಮತ್ತೆ ಈ ಕೆಳಗಿನದ್ದು… ಇದನ್ನು ಮೇಲೆ ಕಳಿಸ್ಲಾ? ಇದು ನಿಯಮ ಆದ್ರೆ ಬೀಗ ಬಿಡಿಸುವವರೆಲ್ಲರ ಕೆಲಸಕ್ಕೆ ಯಂತ್ರ ಬರ್ತದೆ. ಅದು ಗೊತ್ತುಂಟಲ್ವಾ?”

ಅವಳು ಅದನ್ನು ಯೋಚಿಸಿರಲಿಲ್ಲ.

“ಕಳಿಸಿ,” ಎಂದಳು.

ಆಸ್ಪತ್ರೆಯ ವಾರ್ಡಿನಲ್ಲಿ ಯಮನೂರಪ್ಪ ಕಿಟಕಿಯ ಪಕ್ಕದ ಮಂಚದಲ್ಲಿದ್ದ. ಸಣ್ಣ ಮೈಕಟ್ಟು, ಕುರುಚಲು ಗಡ್ಡ. ಬಲಗಾಲು ಕಣಕಾಲಿನ ಮೇಲೆಯೇ ಮುಗಿದು, ಬಟ್ಟೆಯ ದೊಡ್ಡ ಉಂಡೆಯಾಗಿತ್ತು.

“ಯಾರ್ರೀ?”

“ಜುಲಿಯಾನಾ ಲೋಬೊ. ಆ ದಿವಸ ಕ್ರೇನು ನಡೆಸಿದ್ದು ನಾನು.”

ಅವನು ಅವಳನ್ನು ಮೇಲಿಂದ ಕೆಳಗೆ ನೋಡಿದ. “ಹೆಣಮಗಳು ಅಂತ ಗೊತ್ತಿರ್ಲಿಲ್ರಿ,” ಎಂದ. “ಕುಂದರ್ರಿ. ನಮ್ಮಕ್ಕ ಊಟ ತರಾಕ ಹೋಗ್ಯಾಳ.”

ಅವಳು ಕೂತಳು.

“ಒಂದ್ ಮಾತ ಕೇಳ್ಲೇನ್ರಿ?” ಎಂದ ಅವನು. “ಎಲ್ರೂ ಒಂದೊಂದ್ ಹೇಳ್ತಾರ. ನಾ ಜೋತಾಡಾಕತ್ತಿದ್ದು ನಿಮಗ ಗೊತ್ತಾಗ್ಲೇ ಇಲ್ಲೇನ್ರಿ?”

“ಇಲ್ಲ.”

“ಒಟ್ಟs ಇಲ್ಲ?”

“ಒಂದಿಷ್ಟೂ ಇಲ್ಲ. ಒಂದು ಟನ್ನಿನ ಮೇಲೆ ಇದ್ರೆ ಮಾತ್ರ ಆ ಕ್ರೇನಿನಲ್ಲಿ ಗೊತ್ತಾಗುದು.”

ಅವನು ಅದನ್ನು ಮನಸ್ಸಿನಲ್ಲೇ ತೂಗಿ ನೋಡಿದ. “ನಾ ಐವತ್ತೆಂಟ್ ಕೇಜಿ ಅದೀನ್ರಿ,” ಎಂದ. ಕಾಲಿನ ಕಡೆ ನೋಡಿದ. “ಈಗ ಒಂದೀಟು ಕಮ್ಮಿ ಆಗಿರ್ಬೇಕು.”

ವಾರ್ಡಿನ ಕೆಲಸದವನು ಗಾಲಿ ಕುರ್ಚಿ ತಳ್ಳಿಕೊಂಡು ಬಂದ. ಡ್ರೆಸ್ಸಿಂಗಿಗೆ ಕರೆದಿದ್ದಾರೆ, ಎತ್ತಿ ಕೂರಿಸಲು ಇನ್ನೊಬ್ಬನನ್ನು ಕರೆತರುತ್ತೇನೆ ಎಂದು ಹೊರಟ. ಜುಲಿಯಾನಾ ಎದ್ದು ನಿಂತಳು.

“ನಾನು ಎತ್ತುತ್ತೇನೆ,” ಎಂದಳು. ಆಮೇಲೆ ಯಮನೂರಪ್ಪನ ಕಡೆ ತಿರುಗಿ, “ಎತ್ತಲಾ?” ಎಂದು ಕೇಳಿದಳು.

ಅವನು ಅವಳ ಮುಖ ನೋಡಿದ. “ಹಗೂರಕ್ಕ,” ಎಂದ.

ಅವಳು ಒಂದು ಕೈಯನ್ನು ಅವನ ಬೆನ್ನ ಕೆಳಗೆ, ಇನ್ನೊಂದನ್ನು ಮೊಣಕಾಲುಗಳ ಕೆಳಗೆ ತೂರಿಸಿದಳು. ಕೈಗಳಿಗೆ ಏನೂ ತಿಳಿಯಲಿಲ್ಲ. ಸರಿಯಾಗಿ ಹೋಗಿವೆಯೇ ಎಂದು ಬಗ್ಗಿ ನೋಡಿಕೊಂಡಳು. ಉಸಿರು ಬಿಗಿಹಿಡಿದು ಮೇಲೆದ್ದಳು.

ಭಾರ ಬಂತು. ಸೊಂಟಕ್ಕೆ ಬಂತು, ಹೆಗಲ ನಡುವೆ ಬಂತು, ಹಿಮ್ಮಡಿ ನೆಲಕ್ಕೆ ಒತ್ತಿಕೊಂಡಿತು. ಅವನ ಎದೆ ಬಡಿದುಕೊಳ್ಳುತ್ತಿದ್ದುದು ಅವಳ ಪಕ್ಕೆಗೆ ತಾಗುತ್ತಿತ್ತು. ಬೀಳುವ ಹೆದರಿಕೆಯಲ್ಲಿ ಅವನು ಅವಳ ಕುತ್ತಿಗೆಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದ.

“ಇಳಸ್ರಿ ಮೇಡಂ. ಕುರ್ಚಿ ಇಲ್ಲೇ ಐತಲ್ರಿ.”

“ಒಂದು ನಿಮಿಷ,” ಎಂದಳು ಜುಲಿಯಾನಾ. “ಒಂದೇ ನಿಮಿಷ ಇರಿ.”